ಸಮ್ಮೇಳನಕ್ಕೆ ಹೋಗಬೇಕಾ ಅಂತ ಕೇಳಿದ ತಂಗಿಗೆ

ನಿನ್ನ ಪತ್ರ ತಲುಪಿತು. ನೀನು ಶಿವಮೊಗ್ಗ ಬಿಟ್ಟು ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಮನೆ ಖಾಲಿ. ಪಕ್ಕದ ಮನೆಯವರು ನಕ್ಕು, ಕೈ ಬೀಸಿ, ಬಾಗಿಲು ಹಾಕಿಕೊಳ್ಳುತ್ತಾರೆ. ಪುರಸೊತ್ತು ಬೇಕಾದಷ್ಟಿದೆ, ಆದರೆ ಕಥೆ ಬರೆಯೋದು ನಿಂತುಹೋಗಿದೆ ಅಂತ ಬರೆದಿದ್ದೀಯ. ಕೊನೆಯಲ್ಲಿ ಈ ಪ್ರಶ್ನೆ: “ಅಕ್ಕಾ, ಇಲ್ಲಿ ಬರಹಗಾರರ ಸಮ್ಮೇಳನ ನಡೆಯುತ್ತಂತೆ. ವಿಮಾನ, ಹೋಟೆಲು, ಶುಲ್ಕ ಎಲ್ಲ ಸೇರಿದರೆ ಸಣ್ಣ ದುಡ್ಡಲ್ಲ. ಅಷ್ಟು ಖರ್ಚು ಮಾಡಿ ಹೋದರೆ ಏನು ಸಿಗುತ್ತೆ? ಎಲ್ಲರೂ ನೆಟ್‌ವರ್ಕಿಂಗ್ ಅಂತಾರೆ. ನನಗೆ ಮುಂದೆ ಬಿದ್ದು ಪರಿಚಯ ಮಾಡಿಕೊಳ್ಳೋ ಸ್ವಭಾವ ಇಲ್ಲ.”

ಹೋಗು ಅಂತಲೇ ನಾನು ಹೇಳೋದು. ಚಳಿಗೆ ಎಂಥ ಕೋಟು ಬೇಕು, ಕಾರು ಎಲ್ಲಿ ಕಲಿಯಬೇಕು, ಮಗಳಿಗೆ ಕನ್ನಡ ಮರೆತುಹೋಗದ ಹಾಗೆ ಏನು ಮಾಡಬೇಕು, ಇಂಥವಕ್ಕೆ ಉತ್ತರ ಹೇಳುವವರು ನೀನಿರುವ ಊರಲ್ಲೇ ಸಿಗುತ್ತಾರೆ. ಕನ್ನಡದಲ್ಲಿ ಕಥೆ ಬರೆಯುವವಳ ಜೊತೆ ಕೂತು ಕಥೆಯ ಬಗ್ಗೆ ಮಾತಾಡುವವರು ಮಾತ್ರ ಅದೇ ಬೀದಿಯಲ್ಲಿ ಸಿಗೋದು ಬಹಳ ಅಪರೂಪ. ಅವರಿಗಾಗಿ ಪ್ರಯಾಣ ಮಾಡಲೇಬೇಕು.

ಮಲೆನಾಡಿನವರಿಗೆ ಇದು ಹೊಸ ವಿಷಯ ಏನಲ್ಲ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ಇಳಿದು, ಹಳ್ಳ ದಾಟಿ ಹೋಗಬೇಕು. ಮಳೆಗಾಲದಲ್ಲಂತೂ ಯಾರ ಮನೆಗೆ ಯಾರೂ ಇಲ್ಲ. ಜನ ಸೇರಬೇಕಾದರೆ ಒಂದು ನೆಪ ಬೇಕು. ಕೊಯ್ಲಿನ ರಾತ್ರಿಗಳಲ್ಲಿ ಅಡಿಕೆ ಸುಲಿಯೋಕೆ ಕೂತದ್ದು ನೆನಪಿದೆಯಾ? ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತರೆ ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಾಗಾಗಿಯೇ ಬೇರೆ ಹೊತ್ತಲ್ಲಿ ತುಟಿ ಬಿಚ್ಚದವರೂ ಆಗ ಕಥೆ ಹೇಳುತ್ತಾರೆ. ಒಳ್ಳೆಯ ಸಮ್ಮೇಳನವೂ ಅಂಥದ್ದೇ. ಮಾತಾಡೋಕೆ ಅಂತಲೇ ಎದುರುಬದುರು ಕೂರಿಸಿದರೆ ನಮ್ಮಂಥವರಿಗೆ ಮಾತು ಬರೋದಿಲ್ಲ. ನಡುವೆ ಒಂದು ಕೆಲಸ ಇದ್ದರೆ ತಾನಾಗಿ ಬರುತ್ತದೆ.

ನೀನು ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ಹೋಗಿದ್ದೆ, ಅಲ್ಲಿ ಸಂಕೋಚ ಅನ್ನಿಸಲೇ ಇಲ್ಲ ಅಂತ ಬರೆದಿದ್ದೀಯ. ಯಾಕೆ ಅನ್ನಿಸಲಿಲ್ಲ ಅಂತ ಸ್ವಲ್ಪ ಯೋಚನೆ ಮಾಡು. ಆ ಶಿಬಿರ ಮಾಡಿದ ನೀನಾಸಮ್ ರಂಗಸಂಸ್ಥೆ ಹುಟ್ಟಿದ್ದು 1949ರಲ್ಲಿ, ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟು ದೊಡ್ಡ ಹೆಸರಿನ ಜಾಗದಲ್ಲಿ ಶಿಬಿರ ನಡೆಯುತ್ತಿದ್ದ ರೀತಿ ಎಷ್ಟು ಸರಳ! ಹಗಲು ಉಪನ್ಯಾಸ, ಚರ್ಚೆ. ರಾತ್ರಿ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ಮಾರನೇ ದಿನ ಆ ನಾಟಕದ ಬಗ್ಗೆ ಮಾತು. ಎಲ್ಲರೂ ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು. ತಟ್ಟೆ ಹಿಡಿದು ಸಾಲಲ್ಲಿ ನಿಂತರೆ ಮುಂದೆ ಹೈಸ್ಕೂಲ್ ಮೇಷ್ಟ್ರು, ಹಿಂದೆ ಬ್ಯಾಂಕಿನವರು, ಅವರ ಹಿಂದೆ ನೀನು ಪಠ್ಯಪುಸ್ತಕದಲ್ಲಿ ಓದಿದ ಕವಿ. “ನಿನ್ನೆ ಎರಡನೇ ಅಂಕ ಜಾಸ್ತಿ ಎಳೆದರು ಅಲ್ವಾ?” ಅಂದರೆ ಸಾಕು. ನಿನ್ನ ಹೆಸರು, ಕೆಲಸ, ಪುಸ್ತಕ ಎಷ್ಟು ಬಂದಿದೆ ಅನ್ನೋದು ಯಾವುದೂ ಬೇಡ. ಇಬ್ಬರೂ ನೋಡಿದ ನಾಟಕ ಒಂದಿದೆಯಲ್ಲ, ಮಾತಿಗೆ ಅಷ್ಟೇ ಬಂಡವಾಳ.

ಮುಂದೆ ಬೀಳೋ ಸ್ವಭಾವ ಇಲ್ಲ ಅಂದೆಯಲ್ಲ, ನಿನಗೆ ದಾರಿ ಇದೇ. ಇಲ್ಲಿಯ ಯಾವ ಸಮ್ಮೇಳನಕ್ಕೆ ಹೋದರೂ ಗೋಷ್ಠಿಯಲ್ಲಿ ಮನಸ್ಸಿಟ್ಟು ಕೂರು. ಹೊರಗೆ ಬಂದಾಗ ಪಕ್ಕದವರ ಹತ್ತಿರ ಅಲ್ಲಿ ಕೇಳಿದ್ದರ ಬಗ್ಗೆ ಮಾತಾಡು. ಪರಿಚಯ ಆಮೇಲೆ ಆಗುತ್ತದೆ.

ದೊಡ್ಡ ಜಾತ್ರೆಯಂಥ ಸಮ್ಮೇಳನದಲ್ಲಿ ಇದು ಕಷ್ಟ. 2006ರಲ್ಲಿ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಶಿವಮೊಗ್ಗದಲ್ಲೇ ನಡೆಯಿತು. ಹಿಂದೆ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದ್ದ ಕೆ.ಎಸ್. ನಿಸಾರ್ ಅಹಮದ್ ಅಧ್ಯಕ್ಷರು. ನೀನಾಗ ಶಾಲೆಯಲ್ಲಿದ್ದಿರಬೇಕು. ಅಂಥ ಕಡೆ ವೇದಿಕೆಗೂ ನಮಗೂ ಬಹಳ ದೂರ. ಗೆಳೆತನ ಕುದುರೋದು ಪುಸ್ತಕದ ಮಳಿಗೆಗಳ ಸಾಲಿನಲ್ಲಿ. ಒಂದೇ ಪುಸ್ತಕಕ್ಕೆ ಇಬ್ಬರು ಕೈ ಹಾಕಿದಾಗ.

ಇನ್ನು ಅಮೆರಿಕದ ವಿಷಯ. ಇಲ್ಲಿ ಕನ್ನಡದವರ ದೊಡ್ಡ ಸಮ್ಮೇಳನ ಅಂದರೆ ‘ಅಕ್ಕ’, ಅಂದರೆ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ನಡೆಸೋದು. ಮೊದಲನೆಯದು 2000ದಲ್ಲಿ ಹ್ಯೂಸ್ಟನ್‌ನಲ್ಲಿ ಆಯಿತು. ‘ನಾವಿಕ’ ಅನ್ನೋ ಸಂಘಟನೆಯವರದು ಇನ್ನೊಂದಿದೆ. ಎರಡರಲ್ಲೂ ಹಾಡು, ಕುಣಿತ, ಊಟ, ನೆಂಟರಿಷ್ಟರು, ನಡುವೆ ಸಾಹಿತ್ಯಕ್ಕೂ ಒಂದು ಕೋಣೆ. ಮಗಳಿಗೆ ಖುಷಿಯಾಗುತ್ತದೆ, ಕರೆದುಕೊಂಡು ಹೋಗು. ಆದರೆ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ಕನ್ನಡ ಸಾಹಿತ್ಯ ರಂಗದವರು ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ಊರಲ್ಲಿ ಮಾಡುವ ವಸಂತ ಸಾಹಿತ್ಯೋತ್ಸವಕ್ಕೆ ಹೋಗು. ಅಲ್ಲಿಗೆ ಬರುವವರು ಪುಸ್ತಕಕ್ಕಾಗಿಯೇ ಬರುತ್ತಾರೆ. ಕರ್ನಾಟಕದಿಂದ ಒಬ್ಬರು ಮುಖ್ಯ ಅತಿಥಿ ಬರುತ್ತಾರೆ, ಇಲ್ಲಿ ಬರೆಯುವವರ ಹೊಸ ಪುಸ್ತಕಗಳ ಪರಿಚಯ ಇರುತ್ತದೆ. ಎರಡು ದಿನದಲ್ಲಿ ಹೆಚ್ಚುಕಡಿಮೆ ಎಲ್ಲರ ಮುಖವೂ ಗುರುತಾಗಿಬಿಡುತ್ತದೆ.

ನನ್ನ ಕಥೆಗಳನ್ನು ಮೊದಲು ಓದುವ ಗೆಳತಿ ನನಗೆ ಸಿಕ್ಕಿದ್ದು ಅಂಥ ಒಂದು ಕೂಟದಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಮೊಸರನ್ನದ ಮುಂದೆ ಕೂತಿದ್ದೆ. ಎದುರಿಗಿದ್ದವರು ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ಮುಚ್ಚಳ ತಿರುಗಿಸುತ್ತಿದ್ದ ಹಾಗೇ ಜೀರಿಗೆ ಪರಿಮಳದ ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಮೂಗಿಗೆ ಗೊತ್ತಾಯಿತು. “ಯಾವ ಕಡೆಯದು?” ಅಂದೆ. “ಸಿದ್ದಾಪುರ. ಅಮ್ಮನ ಮನೆ ಹಿಂದೆ ಹೊಳೆ ದಂಡೆ ಮರ” ಅಂದರು. ನಾನು ತೀರ್ಥಹಳ್ಳಿಯವಳು, ಅವಳು ಸಿದ್ದಾಪುರದವಳು. ಮಿಡಿ ಯಾವ ಹಂತದಲ್ಲಿ ಕೊಯ್ಯಬೇಕು, ತೊಟ್ಟು ಎಷ್ಟು ಉದ್ದ ಬಿಡಬೇಕು ಅನ್ನೋದರಿಂದ ಶುರುವಾಗಿದ್ದು ಮಧ್ಯಾಹ್ನದ ಗೋಷ್ಠಿ ಮುಗಿಯೋ ಹೊತ್ತಿಗೆ ಕಥೆಗೆ ಬಂತು. ಮನೆಗೆ ಮರಳಿದ ಮೇಲೆ ಅವಳಿಗೆ ಒಂದು ಕರಡು ಕಳಿಸಿದೆ. ಆಸ್ತಿ ಪಾಲಿನ ಜಗಳದಲ್ಲಿ ಸಿಕ್ಕಿಕೊಂಡ ಒಂದು ಮನೆಯ ಕಥೆ. ಅವಳು ಓದಿ ಫೋನ್ ಮಾಡಿ ಹೊಗಳಲೂ ಇಲ್ಲ, ತಿದ್ದಲೂ ಇಲ್ಲ. “ಅತ್ತೆ ಎಲ್ಲ ಪುಟದಲ್ಲೂ ಇದ್ದಾಳೆ, ಒಂದು ಮಾತೂ ಆಡೋದಿಲ್ಲ. ಅವಳಿಗೆ ಹೇಳೋಕೆ ಏನೂ ಇಲ್ವಾ?” ಅಂತ ಕೇಳಿದಳು. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಕಥೆಯನ್ನು ಮತ್ತೆ ಬರೆದೆ. ಅತ್ತೆ ಬಾಯಿ ತೆಗೆದ ಮೇಲೆ ಅದು ಬೇರೆಯದೇ ಕಥೆ ಆಯಿತು. ಇಂಥ ಪ್ರಶ್ನೆ ಕೇಳಬೇಕಾದರೆ ಆ ಮನೆಯ ಒಳಕೋಣೆ ಗೊತ್ತಿರಬೇಕು, ಕಥೆ ಅಂದರೆ ಏನು ಅಂತಲೂ ಗೊತ್ತಿರಬೇಕು. ಎರಡೂ ಗೊತ್ತಿರುವ ಒಬ್ಬರು ಸಿಗೋದಕ್ಕೆ ವಿಮಾನದ ಖರ್ಚು ದೊಡ್ಡದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಉಪಯೋಗದ ಮಾತನ್ನೂ ಆಡೋಣ, ಅದರಲ್ಲಿ ನಾಚಿಕೆ ಏನೂ ಬೇಡ. ಪುಸ್ತಕ ಬರಬೇಕಾದರೆ ಪ್ರಕಾಶಕರು ಬೇಕು, ಬೇರೆ ಭಾಷೆಗೆ ಹೋಗಬೇಕಾದರೆ ಅನುವಾದಕರು ಬೇಕು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಓದಲು ಹೋಗಿದ್ದರು. ಅಲ್ಲಿ ಕಾದಂಬರಿಕಾರ ಮಾಲ್ಕಂ ಬ್ರಾಡ್ಬರಿ ಜೊತೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರ ಒಂದು ಸಿನಿಮಾ ನೋಡಿದರು. ಆ ಸಂಜೆಯ ಮಾತುಕತೆಯಿಂದಲೇ ‘ಸಂಸ್ಕಾರ’ ಬರೆಯುವ ಹುರುಪು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಬರೆದದ್ದು ಕನ್ನಡದಲ್ಲಿ, ಮಲೆನಾಡಿನ ಅಗ್ರಹಾರದ ಬಗ್ಗೆ. ಆಮೇಲೆ ಅದನ್ನು ಇಂಗ್ಲಿಷಿಗೆ ತಂದವರು ಷಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್. ಹೊರದೇಶದ ಗೆಳೆತನ ಅಂದರೆ ಕನ್ನಡ ಕೈಬಿಡೋದು ಅಂತ ಯಾರಾದರೂ ಹೇಳಿದರೆ ನಂಬಬೇಡ.

ಅದಕ್ಕೇ ಇಲ್ಲಿಯವರ ಸಮ್ಮೇಳನಗಳೂ ನಿನಗೆ ಗೊತ್ತಿರಲಿ. ಎಡಬ್ಲ್ಯುಪಿ (AWP) ಅಂತ ಬರಹಗಾರರ ಒಂದು ಸಂಸ್ಥೆ 1967ರಿಂದ ಇದೆ. ಅವರ ಸಮ್ಮೇಳನ ವರ್ಷಕ್ಕೊಂದು ಊರಲ್ಲಿ, ಸಾವಿರಾರು ಜನ. ಹೊಸಬರಿಗೆ ತಲೆ ತಿರುಗುತ್ತದೆ. ಅಲ್ಲಿಗೆ ಹೋದರೆ ಪುಸ್ತಕ ಮೇಳದಲ್ಲೇ ಜಾಸ್ತಿ ಹೊತ್ತು ಕಳೆ. ಸಣ್ಣ ಪತ್ರಿಕೆಗಳ ಸಂಪಾದಕರು ತಾವೇ ಮೇಜಿನ ಹಿಂದೆ ನಿಂತಿರುತ್ತಾರೆ, ಸುಮ್ನೆ ಹೋಗಿ ಮಾತಾಡಬಹುದು. ವರ್ಮಾಂಟ್‌ನ ಬೆಟ್ಟದ ಮೇಲೆ ನಡೆಯುವ ಬ್ರೆಡ್ ಲೋಫ್ ಬರಹಗಾರರ ಸಮ್ಮೇಳನ 1926ರಿಂದ ಇದೆ. ಅದಕ್ಕೆ ಬರಹ ಕಳಿಸಿ ಆಯ್ಕೆಯಾಗಬೇಕು. ನಿನಗೆ ಇವೆರಡಕ್ಕಿಂತ ಹೊಂದೋದು ಆಲ್ಟಾ (ALTA), ಅಮೆರಿಕದ ಸಾಹಿತ್ಯ ಅನುವಾದಕರ ಸಂಘ. ಅವರ ವಾರ್ಷಿಕ ಸಮ್ಮೇಳನದಲ್ಲಿ ಮೂಲ ಭಾಷೆ, ಇಂಗ್ಲಿಷ್ ಎರಡರಲ್ಲೂ ಓದುವ ಕಾರ್ಯಕ್ರಮ ಇರುತ್ತದೆ. ಕನ್ನಡದ ಒಂದು ಪ್ಯಾರಾ ಗಟ್ಟಿಯಾಗಿ ಓದಿದಾಗ ಅರ್ಥವಾಗದವರೂ ತಲೆಯೆತ್ತಿ ಕೇಳುತ್ತಾರೆ. ಹಾಗೆ ಕೇಳಿದವರು ಆಮೇಲೆ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡ ಅಂದರೆ ಯಾವುದು ಅಂತ ಶುರುವಿಂದ ಹೇಳಬೇಕಾದ ಕಷ್ಟವೂ ಕಡಿಮೆಯಾಗಿದೆ.

ಹಸ್ತಪ್ರತಿ ಕಟ್ಟು ಹೊತ್ತುಕೊಂಡು ಹೋಗಿ ಯಾರ ಕೈಗೂ ತುರುಕಬೇಡ. ಅದರಿಂದ ಯಾರಿಗೂ ಒಳ್ಳೆಯದಾಗಿದ್ದು ನಾನು ನೋಡಿಲ್ಲ. ನಿನಗೆ ಓದೋಕೆ ಹತ್ತು ನಿಮಿಷ ಕೊಟ್ಟರೆ ಎಂಟು ನಿಮಿಷಕ್ಕೆ ಮುಗಿಸು. ಕವಿಗೋಷ್ಠಿಗಳಲ್ಲಿ ಹೊತ್ತು ಮೀರಿ ಓದುವವರಿಂದ ಕೊನೆಯ ಹೆಣ್ಣುಮಗಳಿಗೆ ಮೂರೇ ನಿಮಿಷ ಉಳಿಯೋದನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕನ್ನಡದ ಕೂಟವಾದರೆ ಸ್ವಯಂಸೇವಕಿಯಾಗಿ ಹೆಸರು ಕೊಡು. ಊಟ ಬಡಿಸು, ಪುಸ್ತಕದ ಮೇಜು ನೋಡಿಕೊ, ವಿಮಾನ ನಿಲ್ದಾಣದಿಂದ ಅತಿಥಿಗಳನ್ನು ಕರೆದುಕೊಂಡು ಬಾ. ಊರಿಂದ ಬಂದ ಲೇಖಕರು ವೇದಿಕೆ ಮೇಲೆ ಹೇಳದ ಎಷ್ಟೋ ಸಂಗತಿಗಳನ್ನು ಕಾರಿನಲ್ಲಿ ಹೇಳುತ್ತಾರೆ.

ವಾಪಸು ಬಂದ ಮೇಲಿನ ವಾರವೇ ಎಲ್ಲಕ್ಕಿಂತ ಮುಖ್ಯ. ಸಿಕ್ಕವರಲ್ಲಿ ಇಬ್ಬರು ಮೂವರಿಗಾದರೂ ಪತ್ರ ಬರೆ. “ಭೇಟಿಯಾಗಿದ್ದು ಸಂತೋಷ” ಅಂತ ಬರೆದರೆ ಅಲ್ಲಿಗೇ ಮುಗಿಯಿತು. ಅವರ ಪುಸ್ತಕ ಓದಿ ಒಂದು ಕಥೆಯ ಬಗ್ಗೆ ನಾಲ್ಕು ಸಾಲು ಬರೆ. ತನ್ನದನ್ನು ಓದಿದವರನ್ನು ಬರಹಗಾರರು ಮರೆಯೋದಿಲ್ಲ.

ಮೊದಲ ಸಲವೇ ಯಾರೂ ಸಿಗದೆ ಹೋಗಬಹುದು. ಒಬ್ಬಳೇ ಕಾಫಿ ಕುಡಿದು, ಒಂದಿಷ್ಟು ಪುಸ್ತಕ ಹೊತ್ತುಕೊಂಡು ಬರಬೇಕಾಗಬಹುದು. ಆಗ ಬೇಜಾರು ಮಾಡಿಕೊಂಡು ಬಿಟ್ಟುಬಿಡಬೇಡ. ಅದೇ ಸಮ್ಮೇಳನಕ್ಕೆ ಮತ್ತೊಮ್ಮೆ ಹೋಗು. ಎರಡನೇ ಸಲ ನೋಡಿದ ಮುಖವನ್ನು ಜನ ತಾವಾಗಿ ಮಾತಾಡಿಸುತ್ತಾರೆ, “ಹೋದ ಸಲ ಬಂದಿದ್ದಿರಿ ಅಲ್ವಾ?” ಅಂತ.

ಖರ್ಚಿನ ವಿಷಯ: ಮೊದಲೇ ನೋಂದಾಯಿಸಿದರೆ ಶುಲ್ಕ ಕಡಿಮೆ. ಕನ್ನಡದ ಕೂಟಗಳಲ್ಲಿ ಆ ಊರಿನವರ ಮನೆಯಲ್ಲಿ ಉಳಿಯೋಕೆ ಜಾಗ ಕೇಳಬಹುದು, ಸಂಕೋಚ ಬೇಡ. ಇಲ್ಲವಾದರೆ ಮುಂದಿನ ಸಾಹಿತ್ಯೋತ್ಸವಕ್ಕೆ ನಾವಿಬ್ಬರೂ ಸೇರಿ ಒಂದೇ ಕೋಣೆ ಮಾಡೋಣ, ಸಿದ್ದಾಪುರದ ಗೆಳತಿಯೂ ಇರುತ್ತಾಳೆ. ಮಗಳನ್ನೂ ಕರೆದುಕೊಂಡು ಬಾ, ಅಲ್ಲಿ ಮಕ್ಕಳನ್ನು ನೋಡಿ ಯಾರೂ ಮುಖ ಸಿಂಡರಿಸೋದಿಲ್ಲ. ಅಷ್ಟರೊಳಗೆ ಆ ನಿಂತುಹೋದ ಕಥೆಯನ್ನು ನಿಂತಲ್ಲಿಯವರೆಗೆ ಹಾಗೇ ನನಗೆ ಕಳಿಸು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ ಕಳಿಸು, ಇಲ್ಲಾಂದರೆ ನನ್ನ ಕಂಪ್ಯೂಟರಿನಲ್ಲಿ ಅಕ್ಷರ ಮೂಡೋದಿಲ್ಲ.