ಪಾಠದ ಹಿಂದಿನ ರಾತ್ರಿ ನಿದ್ದೆ ಬಾರದ ಉಪನ್ಯಾಸಕಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದ ಈ ಉಪನ್ಯಾಸಕಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮಗಳು. ಪಿಯುಸಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಈಗ ಮೈಸೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಪಾಠ ಮಾಡುತ್ತಾರೆ. ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂಬುದು ಆಡಳಿತ ಮಂಡಳಿಯ ಕಟ್ಟಪ್ಪಣೆ. ರಾತ್ರಿಯೆಲ್ಲ ನೋಟ್ಸ್ ಉರು ಹೊಡೆಯುತ್ತಾರೆ, ಬೆಳಗಾದರೆ ಹೊಟ್ಟೆ ತೊಳೆಸುತ್ತದೆ. “ಯಾರಾದ್ರೂ ಕೈ ಎತ್ತೋದ್ರೊಳಗೆ ಬೆಲ್ ಹೊಡೀಲಿ ಅಂತ ಬೇಡ್ಕೋತೀನಿ ಮೇಡಂ. ನನಗೆ ಸಬ್ಜೆಕ್ಟೇ ಬರಲ್ವೇನೋ” ಎಂದು ಅತ್ತರು.

ಆ ಕೊನೆಯ ಮಾತನ್ನು ಅಲ್ಲಿಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ನಾಳೆ ಯಾವ ಪಾಠ ಎಂದು ಕೇಳಿದೆ. ಪೂರೈಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆ ಎಂಬುದು. ಇಂಗ್ಲಿಷಿನಲ್ಲಿ ಹೇಳಿ ಎಂದಾಗ ಪುಸ್ತಕದ ವ್ಯಾಖ್ಯೆ ಒಪ್ಪಿಸಿ ನಿಂತುಬಿಟ್ಟರು. ಕನ್ನಡದಲ್ಲಿ ಹೇಳಿ ಎಂದೆ.

“ಬೆಲ್ಲದ ರೇಟು ಇವತ್ತು ಏರ್ತು ಅನ್ಕೊಳ್ಳಿ. ನಮ್ಮಪ್ಪ ಇವತ್ತೇ ಜಾಸ್ತಿ ಕಬ್ಬು ಎಲ್ಲಿಂದ ತರ್ತಾರೆ? ನೆಟ್ಟು ವರ್ಷ ಕಾಯ್ಬೇಕು. ಅದೇ ದಾಸ್ತಾನು ಇಟ್ಕೊಂಡಿರೋ ವ್ಯಾಪಾರಿ ನಾಳೆನೇ ಮಾರ್ಕೆಟ್‌ಗೆ ಇಳಿಸ್ತಾನೆ ಮೇಡಂ!” ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. ಅರ್ಥಶಾಸ್ತ್ರ ಓದದ ನನಗೂ ತಿಳಿಯಿತು. ವಿಷಯ ಬರದವರಿಗೆ ಹೀಗೆ ಹೇಳಲು ಬರುವುದಿಲ್ಲ; ಅದನ್ನೇ ಅವರಿಗೂ ಹೇಳಿದೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ ಎಂದರು. ಸದ್ಯಕ್ಕೆ ಬೇಡ ಎಂದೆ. ಕೆನಡಾದಲ್ಲಿ ವಲಸೆ ಬಂದ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದ ಜಿಮ್ ಕಮಿನ್ಸ್, ದಿನಬಳಕೆಯ ಮಾತು ಸುಮಾರು 2 ವರ್ಷದಲ್ಲಿ ಕೈಗೆ ಹತ್ತಿದರೂ ಪಾಠದ ಭಾಷೆಗೆ 5ರಿಂದ 7 ವರ್ಷ ಬೇಕಾಗುತ್ತದೆ ಎಂದು ತೋರಿಸಿದ್ದಾರೆ. ಅಂಗಡಿ, ಬಸ್ಸು, ಪರಿಚಯದ ಸಂಭಾಷಣೆ ಕಲಿತು ಬಂದರೆ ಇವರ ಭಯ ಹೋಗದು. ಇವರ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರು ಕನ್ನಡ ಮಾಧ್ಯಮದವರೇ. ಅವರು ಸುಮ್ಮನಿರುವುದು ಟೀಚರ್ ಮೇಲಿನ ತಾತ್ಸಾರದಿಂದಲ್ಲ.

ಬದಲಾಗಬೇಕಾದದ್ದು ಪಾಠದ ರೀತಿ. ಮೊದಲು ವಾದವನ್ನು ಕನ್ನಡದಲ್ಲೇ ಕಟ್ಟಿಕೊಳ್ಳಿ, ಕಬ್ಬಿನ ಉದಾಹರಣೆ ಸಮೇತ. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆಯಿರಿ, ಚಿಕ್ಕ ವಾಕ್ಯಗಳಲ್ಲಿ ವಿವರಿಸಿ. ತೊಡಕಿನ ಜಾಗ ಬಂದಾಗ ಕನ್ನಡಕ್ಕೆ ಹೊರಳಿ, ಧೈರ್ಯವಾಗಿ. ಆಮೇಲೆ ಇಬ್ಬಿಬ್ಬರೇ ತಮಗೆ ಬಂದ ಭಾಷೆಯಲ್ಲಿ ಚರ್ಚಿಸಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯಲಿ. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಬರೆಯುವ ಇಂಥ ಕ್ರಮಕ್ಕೆ ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ 1994ರಲ್ಲೇ ಹೆಸರು ಕೊಟ್ಟರು; ಇಂಗ್ಲಿಷಿನಲ್ಲಿ ಅದನ್ನು ‘ಟ್ರಾನ್ಸ್‌ಲ್ಯಾಂಗ್ವೇಜಿಂಗ್’ ಎನ್ನುತ್ತಾರೆ. ಕದ್ದುಮುಚ್ಚಿ ಮಾಡಬೇಕಾದ್ದೇನೂ ಇದರಲ್ಲಿಲ್ಲ. ತರಗತಿಯಲ್ಲಿ ಕನ್ನಡ ಬಾರದ ಮಲಯಾಳಿ ಹುಡುಗರೂ ಇದ್ದಾರೆ; ಅವರಿಗಾಗಿ ಸಾರಾಂಶವನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಲೇಬೇಕು.

ವಿಭಾಗದ ಮುಖ್ಯಸ್ಥರ ಬಳಿ ಅಳಲು ತೋಡಿಕೊಳ್ಳುವ ಬದಲು ಪಾಠಯೋಜನೆ ಇಟ್ಟು ಮಾತಾಡಿ ಎಂದೆ. ಮಾಧ್ಯಮ ಇಂಗ್ಲಿಷ್ ಆದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ, ಬೋಧನೆಯಲ್ಲೂ ಆ ಭಾಷೆ ಬಳಸಿ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದದ್ದನ್ನು ಜೊತೆಗಿಡಲು ಹೇಳಿದೆ. ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಬೇಕು. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದೂ ತಿಳಿಸಿದೆ.

ಮುಂದಿನ ಭೇಟಿಗೆ ಬಂದಾಗ ಮುಖದಲ್ಲಿ ಕಳೆಯಿತ್ತು. “ಕಬ್ಬಿನ ದರ ಕೇಂದ್ರ ಸರ್ಕಾರ ನಿಗದಿ ಮಾಡುತ್ತಲ್ಲ, ಆಗ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದನಂತೆ, ಅರ್ಧ ಗಂಟೆ ಚರ್ಚೆ ನಡೆಯಿತಂತೆ. ಮುಖ್ಯಸ್ಥರು ಮೊದಲ ವರ್ಷದ ತರಗತಿಗೆ ಮಾತ್ರ ಒಪ್ಪಿದ್ದಾರೆ. ಎರಡನೇ ವರ್ಷದ ತರಗತಿಗೆ ಹೋಗುವಾಗ ಹೊಟ್ಟೆ ತೊಳೆಸುವುದು ಇನ್ನೂ ನಿಂತಿಲ್ಲ. ಈಗ ನಾವಿಬ್ಬರೂ ಆ ತರಗತಿಯ ಮೊದಲ ಹತ್ತು ನಿಮಿಷಕ್ಕೆ ತಯಾರಿ ನಡೆಸಿದ್ದೇವೆ.