ಬಟಾಟೆ ಸುಲಿಯುವುದನ್ನು ಮೂರು ಗಂಟೆ ನೋಡಬೇಕಾ?

ಓದುಗರ ಪತ್ರ: ಮಗಳ ಒತ್ತಾಯಕ್ಕೆ ಮಣಿಪಾಲದಲ್ಲಿ ಒಂದು ಫ್ರೆಂಚ್ ಸಿನಿಮಾ ನೋಡಿದೆ. ಮೂರು ಗಂಟೆ ಇಪ್ಪತ್ತು ನಿಮಿಷ. ಒಬ್ಬ ಹೆಂಗಸು ಬಟಾಟೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಶೂ ಪಾಲಿಶ್ ಮಾಡುತ್ತಾಳೆ. ನಮ್ಮ ಮನೆಯಲ್ಲಿ ಇದು ದಿನಾ ನಡೆಯುತ್ತದೆ, ಟಿಕೆಟ್ ಇಲ್ಲದೆ. ಬೆಳಗಿನವರೆಗೆ ಕೂತು ಯಕ್ಷಗಾನದ ಆಟ ನೋಡಿದವನು ನಾನು, ತಾಳ್ಮೆ ಇಲ್ಲ ಎನ್ನಬೇಡಿ. ಇದು ಜಗತ್ತಿನ ಅತ್ಯುತ್ತಮ ಸಿನಿಮಾ ಹೇಗಾಯಿತು? – ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಸಣ್ಣ ಜಗಳವೂ ಆಯಿತು.

ಮೊದಲು ಆ ‘ಅತ್ಯುತ್ತಮ’ದ ಲೆಕ್ಕ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 10 ವರ್ಷಕ್ಕೊಮ್ಮೆ ವಿಮರ್ಶಕರಿಂದ ತಲಾ 10 ಸಿನಿಮಾಗಳ ಪಟ್ಟಿ ಕೇಳುತ್ತದೆ. ಜಾಸ್ತಿ ಪಟ್ಟಿಗಳಲ್ಲಿ ಕಂಡದ್ದಕ್ಕೆ ಮೊದಲ ಸ್ಥಾನ. 2022ರಲ್ಲಿ 1,600ಕ್ಕೂ ಹೆಚ್ಚು ಮಂದಿ ಪಟ್ಟಿ ಕೊಟ್ಟರು. ನೀವು ನೋಡಿದ ಸಿನಿಮಾ, ಅಂದರೆ ಬೆಲ್ಜಿಯಂನ ನಿರ್ದೇಶಕಿ ಶಾಂಟಾಲ್ ಆಕರ್ಮನ್ ಅವರ 1975ರ ‘ಜಾನ್ ಡೀಲ್ಮನ್’, ಎಲ್ಲಕ್ಕಿಂತ ಮೇಲೆ ಬಂತು. ಹಾಗಂತ ಅಷ್ಟೂ ಜನ ಅದಕ್ಕೇ ಜೈ ಎಂದರು ಅಂತಲ್ಲ. ಪೋಸ್ಟರಿನಲ್ಲಿ ಇಷ್ಟೆಲ್ಲ ಬರೆಯಲು ಜಾಗ ಇರುವುದಿಲ್ಲ, ಅಲ್ವಾ?

ಆದರೂ ಈ ಸಿನಿಮಾದ ಮಟ್ಟಿಗೆ ನಾನು ನಿಮ್ಮ ಮಗಳ ಪಕ್ಷ. ಕಥೆಯ ಮೊದಲ ದಿನ ಆ ಹೆಂಗಸಿನ ಕೆಲಸದ ಕ್ರಮ ನಮಗೆ ಬಾಯಿಪಾಠ ಆಗುವಷ್ಟು ತೋರಿಸುತ್ತಾರೆ. ಕೋಣೆಯಿಂದ ಹೊರಟರೆ ಲೈಟ್ ಆರಿಸುತ್ತಾಳೆ. ಎರಡನೇ ದಿನ ಬಟಾಟೆ ಜಾಸ್ತಿ ಬೆಂದುಹೋಗುತ್ತದೆ. ಅಷ್ಟೇ. ಪಾತ್ರೆ ಹಿಡಿದುಕೊಂಡು ಮನೆಯೊಳಗೆ ಆಚೆ ಈಚೆ ಓಡಾಡುತ್ತಾಳೆ, ಎಲ್ಲಿಡಬೇಕೆಂದೇ ತೋಚುವುದಿಲ್ಲ. ಅಲ್ಲಿ ನನ್ನ ಎದೆ ಧಸಕ್ಕೆಂದಿತು. ಒಂದೂವರೆ ಗಂಟೆಗೆ ಕತ್ತರಿಸಿದ್ದರೆ ಅದು ಸುಮ್ನೆ ಬೆಂದ ಬಟಾಟೆ ಆಗುತ್ತಿತ್ತು. ಮನೆಯಲ್ಲಿ ದಿನಾ ನಡೆಯುತ್ತದೆ ಎಂದಿರಿ. ಮಾರಾಯ್ರೆ, ನಿಮ್ಮ ಮನೆಯವರು ಬಟಾಟೆ ಸುಲಿಯುವಾಗ ಎಂದಾದರೂ ಎದುರು ಕೂತು ಕೊನೆಯವರೆಗೆ ನೋಡಿದ್ದೀರಾ? ನಾನಂತೂ ಇಲ್ಲ.

ಹಾಗೆಂದು ಉದ್ದದ್ದೆಲ್ಲ ದೊಡ್ಡದಲ್ಲ. ಹಂಗೇರಿಯ ಬೇಲಾ ತಾರ್ ಅವರ ‘ಸಾತಾನ್‌ಟ್ಯಾಂಗೋ’ 7 ಗಂಟೆಗೂ ಜಾಸ್ತಿ. ಶುರುವಿನಲ್ಲಿ ದನಗಳು ಕೆಸರಲ್ಲಿ ಅಡ್ಡಾಡುವ ಒಂದೇ ಶಾಟ್ ಇದೆ, ಅದನ್ನು ಇನ್ನೂ ಹತ್ತು ನಿಮಿಷ ನೋಡುತ್ತಿದ್ದೆ. ಆಮೇಲೆ ಎರಡು ಸಲ ನಿದ್ದೆ ಬಂತು. ಎದ್ದಾಗಲೂ ಸಿನಿಮಾದ ಮಳೆ ನಿಂತಿರಲಿಲ್ಲ. ಹೊರಬಂದ ಮೇಲೆ ಯಾರೂ ಸಿನಿಮಾದ ಮಾತಾಡಲಿಲ್ಲ, ಎಷ್ಟು ಹೊತ್ತು ಕೂತೆವು ಎಂಬುದೇ ಸುದ್ದಿ. ನಾನೂ ಹೆಮ್ಮೆಯಿಂದ ಹೇಳಿಕೊಂಡೆ, ನಿದ್ದೆಯ ವಿಷಯ ಬಿಟ್ಟು. ಇಂಥ ಹೊಗಳಿಕೆಯಲ್ಲಿ ಅರ್ಧ ಪಾಲು ಕೂತವರು ತಮಗೆ ತಾವೇ ಕೊಟ್ಟುಕೊಳ್ಳುವ ಸನ್ಮಾನ. ಕ್ಯಾಮೆರಾ ಇಟ್ಟು ಚಾ ಕುಡಿಯಲು ಹೋದ ಹಾಗಿರುವ ಸಿನಿಮಾಗಳಿಗೂ ಇದರಿಂದ ಮರ್ಯಾದೆ ಸಿಕ್ಕಿದೆ. ಇಲ್ಲಿ ನಾನು ನಿಮ್ಮ ಪಕ್ಷ.

ಆಟದ ಮಾತು ಎತ್ತಿದ್ದು ಒಳ್ಳೆಯದಾಯಿತು. ರಾಕ್ಷಸರ ಬಣ್ಣದ ವೇಷಕ್ಕೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರೆ. ರಂಗಸ್ಥಳಕ್ಕೆ ಬಂದರೂ ಮುಖ ತಟ್ಟನೆ ಕಾಣಿಸುವುದಿಲ್ಲ. ಅಡ್ಡ ಹಿಡಿದ ಬಟ್ಟೆಯ ತೆರೆಯ ಮೇಲಿಂದ ಕಿರೀಟದ ತುದಿ, ಆಮೇಲೆ ಬೆರಳು, ಚೆಂಡೆ ಏರುತ್ತಲೇ ಇರುತ್ತದೆ. ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು ಮುಖ ಕಾಣುವ ಮೊದಲೇ. ನಿಧಾನ ನಮಗೆ ಹೊಸತೇನಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಆಟದಲ್ಲಿ ನೀವು ನಿದ್ದೆ ಮಾಡಬಹುದು, ಎದ್ದು ಹೋಗಿ ಚರುಮುರಿ ತಿಂದು ಬರಬಹುದು. ನಿಮಗೆ ಕಲೆ ಗೊತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. ಎ.ಸಿ. ಹಾಲ್‌ನಲ್ಲಿ ಆಕಳಿಸಿದರೂ ಪಕ್ಕದವರು ತಿರುಗಿ ನೋಡುತ್ತಾರೆ. ನಿಮಗೆ ಸಿಟ್ಟು ಬಂದದ್ದು ಬಟಾಟೆಯ ಮೇಲೋ ಆ ನೋಟದ ಮೇಲೋ ಎಂದು ನನಗೊಂದು ಸಂಶಯ.

ಮಗಳು ಮತ್ತೆ ಕರೆದರೆ ಹೋಗಿ. ಬಾಗಿಲ ಹತ್ತಿರದ ಸೀಟು ಹಿಡಿಯಿರಿ.

ಅಂದ ಹಾಗೆ, ಹೋದ ತಿಂಗಳ ಸಂಚಿಕೆ ಬಂದಿಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಇನ್ನೊಂದು ಪ್ರತಿ ಅಂಚೆಗೆ ಹಾಕಿದ್ದೇವೆ.