ಸಾಲದ ಉದಾಹರಣೆ ಮತ್ತು ಬಾವಿಯ ನೀರು

ಮಕ್ಕಳ ಮನಸ್ಸಿನ ಕಷ್ಟ ಕೇಳಿ ನೆರವಾಗುವುದು ನನ್ನ ಕೆಲಸ. ಲೆಕ್ಕಕ್ಕೆ ಹೆದರುವ ಮಕ್ಕಳು ನನ್ನ ಹತ್ತಿರ ಪದೇಪದೇ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕಲಬುರಗಿ ಹತ್ತಿರದ ಹಳ್ಳಿ, ಏಳನೇ ಕ್ಲಾಸಿನ ಹುಡುಗ. ಗಣಿತದ ಪೀರಿಯಡ್ ಬಂತೆಂದರೆ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಎಂದಿದ್ದರು.

ಮೊದಲ ಎರಡು ಸಲ ಬಾಯಿ ಬಿಡಲಿಲ್ಲ. ಮೂರನೇ ಸಲ ಪೆನ್ಸಿಲ್ ತುದಿ ಕಚ್ಚುತ್ತಾ ಕೇಳಿದ:

"ಮೇಡಂ, ಸಾಲ ಅಂದ್ರ ಸೊನ್ನಿಕಿಂತ ಕಡಿಮಿ ಅಂತ ಸರ್ ಹೇಳ್ಯಾರ. ಅಂದ್ರ ನಮ್ಮಪ್ಪ ಸೊನ್ನಿಕಿಂತ ಕಡಿಮಿ ಏನ್ರಿ?"

ಆ ವರ್ಷ ಅವರ ತೊಗರಿ ನೆಟೆರೋಗಕ್ಕೆ ಒಣಗಿತ್ತು. ಸಾಲ ಕೊಟ್ಟವರು ಬಾಗಿಲಿಗೆ ಬಂದಿದ್ದು ಊರಿಗೇ ಗೊತ್ತು. ಋಣ ಸಂಖ್ಯೆ, ಅಂದರೆ ಸೊನ್ನೆಗಿಂತ ಕಡಿಮೆಯ ಮೈನಸ್ ಸಂಖ್ಯೆ ಕಲಿಸುವಾಗ ಸರ್ ಸಾಲದ ಉದಾಹರಣೆ ಕೊಟ್ಟಾಗ ಹುಡುಗರು ಇವನ ಕಡೆ ತಿರುಗಿ ನಕ್ಕಿದ್ದರು.

ಸರ್‌ದು ತಪ್ಪು ಅಂತ ನಾನು ಹೇಳಲ್ಲ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತನೂ ಧನ, ಋಣ ಎಂಬ ಮಾತುಗಳಲ್ಲೇ ಈ ಲೆಕ್ಕದ ನಿಯಮ ಹೇಳಿದ್ದ. ಆದರೆ ಈ ಹುಡುಗನಿಗೆ ಆ ಉದಾಹರಣೆಯಲ್ಲಿ ಲೆಕ್ಕ ಕಾಣಲೇ ಇಲ್ಲ, ಅಪ್ಪ ಕಂಡ. ಚಳಿಯ ಉದಾಹರಣೆ ಕೊಡೋಣವೆಂದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಮಗು ಸೊನ್ನೆಗಿಂತ ಕೆಳಗಿನ ಚಳಿ ಎಲ್ಲಿ ನೋಡಿರುತ್ತೆ?

"ಕಡಿಮೆ ಆಗಿರೋದು ಕೈಯಲ್ಲಿರೋ ದುಡ್ಡು ಕಣಪ್ಪ, ನಿಮ್ಮಪ್ಪ ಅಲ್ಲ" ಎಂದೆ. ಆಮೇಲೆ ಅವರ ಹೊಲದ ಬಾವಿಯ ಚಿತ್ರ ಬರೆಸಿದೆ. ನೆಲ ಸೊನ್ನೆ. ನೀರು 20 ಅಡಿ ಕೆಳಗೆ. ಮಳೆಗೆ 8 ಅಡಿ ಏರಿತು. ಈಗೆಲ್ಲಿದೆ?

"12 ಫೂಟ್ ಕೆಳಗ್ರಿ." ಮೈನಸ್ 12 ಅಂತ ತಾನೇ ಬರೆದ.

ಅವನ ಸರ್‌ಗೆ ಹೇಳಿದ್ದು ಇಷ್ಟೇ: ಒಂದೇ ಉದಾಹರಣೆ ಕೊಟ್ಟರೆ ಮಗು ಋಣ ಸಂಖ್ಯೆ ಅಂದರೆ ಸಾಲವೇ ಅಂದುಕೊಳ್ಳುತ್ತೆ. ಬಾವಿಯನ್ನೂ ಸಾಲವನ್ನೂ ಅಕ್ಕಪಕ್ಕ ಇಡಿ, ಎರಡರಲ್ಲೂ ಒಂದೇ ಥರ ಇರೋದೇನು ಅಂತ ಮಕ್ಕಳನ್ನೇ ಕೇಳಿ. ಉದಾಹರಣೆ ಯಾರ ಮನೆಗೆ ತಾಗುತ್ತೆ ಅಂತ ಮೊದಲು ನೋಡಿಕೊಳ್ಳಿ. "ಪೋರ್ಷನ್ ಮುಗಿಯಲ್ಲ ಮೇಡಂ" ಎಂದರು. ಐದು ನಿಮಿಷ ಸಾಕು ಸರ್, ಎಂದೆ. ಗಣಿತ ಹೇಳಿಕೊಡೋದು ನಿಮ್ಮ ಕೆಲಸವಾ ಎಂದು ಕೇಳಿದವರೂ ಇದ್ದಾರೆ. ಹೊಟ್ಟೆನೋವು ಲೆಕ್ಕದಿಂದ ಶುರುವಾಗಿದ್ದರೆ ನಾನು ಲೆಕ್ಕ ಬಿಟ್ಟು ಇನ್ನೆಲ್ಲಿ ಹುಡುಕಲಿ?

ಮುಂದಿನ ಸಲ ಅವನೇ ಕೇಳಿದ, ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಹೇಗೆ ಅಂತ. ಮತ್ತೆ ಬಾವಿಗೇ ಹೋದೆವು. ನೀರು ದಿನಕ್ಕೆ 2 ಅಡಿ ಇಳಿಯುತ್ತಿದೆ, ಅದು ಮೈನಸ್ 2. ಮೂರು ದಿನ ಹಿಂದೆ ಅಂದರೆ ಮೈನಸ್ 3. ಆಗ ನೀರು ಎಲ್ಲಿತ್ತು?

"ಇವತ್ತಿನಕಿಂತ 6 ಫೂಟ್ ಮ್ಯಾಲಿತ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾಲದ ಲೆಕ್ಕಾನೂ ಹಿಂಗೇ ಬರ್ತದೇನ್ರಿ ಮೇಡಂ?"

ಹಾಳೆ ತಿರುಗಿಸಿ ಕೊಟ್ಟೆ. ಬರೆಯತೊಡಗಿದ.